ಹಳೇ ಲಾರಿ ಮನೆಯಾದರೆ ಬಾಡಿಗೆ ಉಳಿಯುತ್ತದೆಯೇ? ಫಾರ್ವರ್ಡ್‌ನಲ್ಲಿ ಬರದ ಲೆಕ್ಕ

ಹೋದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಚನ್ನಪಟ್ಟಣದ ದೊಡ್ಡಪ್ಪ ಒಂದು ವಿಡಿಯೊ ಕಳಿಸಿದ್ದರು. ಆರು ಚಕ್ರದ ದೊಡ್ಡ ಲಾರಿ. ಬಾಗಿಲು ತೆಗೆದರೆ ಒಳಗೆ ಮಂಚ, ಅಡುಗೆಮನೆ, ಬಚ್ಚಲು, ಎ.ಸಿ. ಕೆಳಗೆ ಬರಹ: “ಹಳೇ ಲಾರಿ ತಗೊಳ್ಳಿ, ಮನೆ ಮಾಡಿಕೊಳ್ಳಿ. ಬಾಡಿಗೆ ಇಲ್ಲ, ಕಂದಾಯ ಇಲ್ಲ, ದೇಶವೆಲ್ಲ ನಿಮ್ಮೂರೇ!” ದೊಡ್ಡಪ್ಪ ಬಹಳ ವರ್ಷ ರಾಮನಗರದಿಂದ ಮಾವಿನಕಾಯಿ ಲೋಡು ಹೊಡೆದವರು. “ಏನ್ ಮಗಾ, ಇದು ಆಗೋ ಮಾತಾ? ನೀನು ಓದಿರೋಳು, ನೋಡಿ ಹೇಳು” ಅಂದರು. ನೋಡಿದೆ. ಅರ್ಧ ನಿಜ. ಉಳಿದರ್ಧದಲ್ಲಿ ಜೀವಕ್ಕೇ ಕುತ್ತು ತರುವ ಸಂಗತಿ ಇದೆ.

ಇಂಥ ವಾಹನ ನಮ್ಮ ಕಡೆಯವರಿಗೆ ತೀರಾ ಹೊಸದಲ್ಲ. ಬಿಡದಿ, ರಾಮನಗರದ ಸುತ್ತ ಶೂಟಿಂಗ್ ನೋಡಲು ಹೋದವರು ನಟರ ಕ್ಯಾರವಾನ್ ನೋಡಿರುತ್ತಾರೆ. ಅವು ಬಹುಮಟ್ಟಿಗೆ ಬಸ್ಸು ಅಥವಾ ವ್ಯಾನಿನ ಮೇಲೆ ಕಟ್ಟಿದವು. ವಿಡಿಯೊದಲ್ಲಿ ಇರುವಂಥ ಲಾರಿ ಮನೆಗಳ ಮೂಲ ಹೆಚ್ಚಾಗಿ ಯುರೋಪ್. ಅಲ್ಲಿ ಮ್ಯಾನ್, ಮರ್ಸಿಡಿಸ್ ಕಂಪನಿಗಳ ಲಾರಿಗಳ ಮೇಲೆ ಪೆಟ್ಟಿಗೆಯಂಥ ಮನೆ ಕಟ್ಟಿಕೊಂಡು ಮರುಭೂಮಿ ದಾಟುವವರಿದ್ದಾರೆ.

ಲಾರಿಯ ದೊಡ್ಡ ಗುಣ ತೂಕ ಹೊರುವುದು. 18 ಮಿ.ಮೀ. ದಪ್ಪದ ಒಂದು ಪೂರ್ತಿ ಪ್ಲೈವುಡ್ ಹಾಳೆ 30 ಕೆಜಿ ದಾಟುತ್ತದೆ. 500 ಲೀಟರ್ ನೀರಿನ ಟ್ಯಾಂಕ್ ತುಂಬಿಸಿದರೆ ನೀರೇ 500 ಕೆಜಿ. ಇದರ ಮೇಲೆ ಮಂಚ, ಕಪಾಟು, ಬ್ಯಾಟರಿ, ಗ್ಯಾಸು, ಮನೆ ಮಂದಿ. ಟೆಂಪೊ ಟ್ರಾವೆಲರ್‌ಗೆ ಇದು ಸೊಂಟ ಮುರಿಯುವ ಕೆಲಸ. ಎರಡು ಆಕ್ಸಲ್‌ನ ಲಾರಿಗಾದರೋ 2018ರ ನಿಯಮದ ಪ್ರಕಾರ ಒಟ್ಟು 18.5 ಟನ್‌ವರೆಗೆ ಅವಕಾಶವಿದೆ. ಕೆಟ್ಟು ನಿಂತರೆ ಮಾಗಡಿಯಲ್ಲೋ ಕನಕಪುರದಲ್ಲೋ ರಿಪೇರಿಗೆ ಮೇಸ್ತ್ರಿ ಸಿಗುತ್ತಾನೆ. ಇದು ಸಣ್ಣ ಅನುಕೂಲವಲ್ಲ.

ಆದರೆ ಲಾರಿಯ ಚಾಸಿ ಹಳ್ಳ ದಿಣ್ಣೆಯಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಹಾಗೆಂದೇ ಅದನ್ನು ಮಾಡಿರುತ್ತಾರೆ. ಮರದ ಹಲಗೆಯ ಬಾಡಿ ಅದರ ಜೊತೆ ಕಿರ್ರೆನ್ನುತ್ತ ಹೊಂದಿಕೊಳ್ಳುತ್ತದೆ. ಟೈಲ್ಸು, ಗಾಜು, ನೀರಿನ ಪೈಪು ಇರುವ ಮನೆ ಹೊಂದಿಕೊಳ್ಳುವುದಿಲ್ಲ, ಬಿರುಕು ಬಿಡುತ್ತದೆ. ಅದಕ್ಕೇ ಯುರೋಪಿನವರು ಮನೆಯ ಪೆಟ್ಟಿಗೆಯನ್ನು ನೇರವಾಗಿ ಚಾಸಿಗೆ ಬಿಗಿಯದೆ, ನಡುವೆ ಸ್ಪ್ರಿಂಗ್ ಇಟ್ಟ ಬೇರೆ ಫ್ರೇಮಿನ ಮೇಲೆ ಕೂರಿಸುತ್ತಾರೆ. ಅದು ವೆಲ್ಡಿಂಗ್ ಶಾಪಿನಲ್ಲಿ ಅಂದಾಜಿಗೆ ಮಾಡುವ ಕೆಲಸವಲ್ಲ. ಇನ್ನೊಂದು ತೊಂದರೆ, ತೂಕ ಮೇಲಕ್ಕೆ ಸೇರಿದಷ್ಟೂ ತಿರುವಿನಲ್ಲಿ ವಾಹನ ವಾಲುತ್ತದೆ. “ಹುಲ್ಲು ಲೋಡ್ ಹೊಡೆದೋನಿಗೆ ಅದನ್ನ ಹೇಳ್ಕೊಡಬೇಕಾ?” ಅಂದರು ದೊಡ್ಡಪ್ಪ.

ಇನ್ನು ರಸ್ತೆ. ನಮ್ಮ ಸುತ್ತಮುತ್ತ ನೋಡುವ ಜಾಗಗಳನ್ನೇ ನೆನಪಿಸಿಕೊಳ್ಳಿ. ಸಾವನದುರ್ಗ, ಮಂಚನಬೆಲೆ, ಕಬ್ಬಾಳದುರ್ಗ, ಕಣ್ವ ಜಲಾಶಯ. ಹೆದ್ದಾರಿ ಬಿಟ್ಟ ಮೇಲೆ ಇವಕ್ಕೆಲ್ಲ ಹಳ್ಳಿ ರಸ್ತೆಯೇ ಗತಿ. ರೈಲ್ವೆ ಕೆಳಸೇತುವೆ ಮುಂದೆ ಎತ್ತರದ ಮಿತಿ ಹೇಳುವ ಕಬ್ಬಿಣದ ಕಮಾನು ಇರುತ್ತದಲ್ಲ, ಅದರ ಕೆಳಗೆ ಕಾರು ನುಗ್ಗುತ್ತದೆ, ಈ ಮನೆ ನುಗ್ಗುವುದಿಲ್ಲ. ಜೋತುಬಿದ್ದ ಕರೆಂಟ್ ತಂತಿಯ ವಿಷಯದಲ್ಲಂತೂ ತಮಾಷೆಯೇ ಬೇಡ. ಮೇಕೆದಾಟಿಗೆ ಹೋದರೆ ಸಂಗಮದಲ್ಲೇ ಎಲ್ಲರ ಹಾಗೆ ಇಳಿದು, ಅರ್ಕಾವತಿ ದಾಟಿ, ಅಲ್ಲಿನ ಬಸ್ಸು ಹತ್ತಬೇಕು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ರಾತ್ರಿ ಲಾರಿ ನಿಲ್ಲಿಸಿ ಮಲಗುವ ಜಾಗ ಅದಲ್ಲ. ಡೀಸೆಲ್ ವಿಚಾರಕ್ಕೆ ಬಂದರೆ, ಲೀಟರಿಗೆ ನಾಲ್ಕು ಕಿ.ಮೀ., ಬೆಲೆ 90 ರೂಪಾಯಿ ಅಂತ ಇಟ್ಟುಕೊಂಡರೆ ಸಾವಿರ ಕಿ.ಮೀ. ಸುತ್ತಾಟಕ್ಕೆ 22,500 ರೂಪಾಯಿ. ಚನ್ನಪಟ್ಟಣದಲ್ಲಿ ಬಾಡಿಗೆ ಮನೆ ಎಷ್ಟಕ್ಕೆ ಸಿಗುತ್ತದೆ ಅನ್ನುವುದು ನಿಮಗೆ ಗೊತ್ತು.

ಎ.ಸಿ. ಹಾಕಿ ಮಲಗುವ ಮುನ್ನ

ಫಾರ್ವರ್ಡ್‌ನಲ್ಲಿ ಒಂದು ಪದವೂ ಇಲ್ಲದ್ದು ಇದು. ತಗಡಿನ ಪೆಟ್ಟಿಗೆ ಏಪ್ರಿಲ್ ಬಿಸಿಲಿಗೆ ಒಲೆಯಾಗುತ್ತದೆ. ಹಾಗಾಗಿ ಎ.ಸಿ. ಬೇಕು. ಒಂದೂವರೆ ಟನ್ನಿನ ಎ.ಸಿ. ಓಡುವಾಗ ಸುಮಾರು 1,500 ವಾಟ್ ಎಳೆಯುತ್ತದೆ. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿ 150 ಎ.ಎಚ್., ಅಂದರೆ 1,800 ವಾಟ್-ಅವರ್. ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಸಿಕ್ಕಿದ್ದು ಅರ್ಧ ಗಂಟೆ ಚಿಲ್ಲರೆ! ಎ.ಸಿ. ಬಿಟ್ಟು ಬಿಟ್ಟು ಓಡಿದರೂ ರಾತ್ರಿಗೆ ಆರು ಯೂನಿಟ್ ಬೇಕು ಅಂದುಕೊಂಡರೆ ಅಂಥ ಬ್ಯಾಟರಿ ಏಳು ಬೇಕು, ಒಂದೊಂದೂ 50 ಕೆಜಿಗೂ ಮೇಲೆ. ಲಾರಿಯ ಚಾವಣಿ ದೊಡ್ಡದು, ಸೋಲಾರ್ ಹಾಸಿದರೆ ಒಳ್ಳೆ ಬಿಸಿಲಿನ ದಿನ ಹತ್ತು ಯೂನಿಟ್‌ವರೆಗೂ ಬರಬಹುದು. ಆದರೆ ಅದಕ್ಕೆ ಲಾರಿಯನ್ನು ದಿನವಿಡೀ ಬಿಸಿಲಲ್ಲೇ ನಿಲ್ಲಿಸಬೇಕು, ಆಗ ಒಳಗೆ ಇನ್ನಷ್ಟು ಕಾವು. ಇಷ್ಟೆಲ್ಲ ಯಾಕೆ ಅಂತ ಜನ ಸುಲಭದ ದಾರಿ ಹಿಡಿಯುತ್ತಾರೆ: ಜನರೇಟರ್.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಒಂದು ಕ್ಯಾರವಾನ್‌ನೊಳಗೆ ಇಬ್ಬರು ಶವವಾಗಿ ಸಿಕ್ಕರು. ಹೊಡೆದಾಟವಿಲ್ಲ, ಗಾಯವಿಲ್ಲ. ಕಾರಣ ಕಾರ್ಬನ್ ಮೊನಾಕ್ಸೈಡ್. ಎ.ಸಿ.ಗೆಂದು ಓಡಿಸಿದ್ದ ಜನರೇಟರ್‌ನ ಹೊಗೆ ವಾಹನದ ತಳದಲ್ಲಿದ್ದ ರಂಧ್ರದ ಮೂಲಕ ಒಳಕ್ಕೆ ಬಂದಿತ್ತು ಎಂದು ಕೋಯಿಕ್ಕೋಡ್‌ನ ಎನ್‌ಐಟಿ ತಜ್ಞರು ಅದೇ ವಾಹನದಲ್ಲಿ ಪರೀಕ್ಷೆ ಮಾಡಿ ಕಂಡುಕೊಂಡರು.

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಮಾತ್ರ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. “ಕಿಟಕಿ ಒಂಚೂರು ತೆಗೆದಿಟ್ಟರೆ ಸಾಕು” ಅನ್ನುವ ಸಲಹೆಯೂ ಓಡಾಡುತ್ತಿದೆ. ಅದನ್ನು ನಂಬಬೇಡಿ, ಹೊಗೆ ಅದೇ ಕಿಟಕಿಯಿಂದ ಒಳಗೂ ಬರಬಹುದು. ಮಲಗುವಾಗ ಜನರೇಟರ್ ಆಗಲಿ, ನಿಂತ ಲಾರಿಯ ಎಂಜಿನ್ ಆಗಲಿ ಓಡಬಾರದು. ಈ ಅನಿಲ ಗುರುತಿಸಿ ಕೂಗುವ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಚಳಿಗೆ ಒಳಗೆ ಕೆಂಡ ಇಟ್ಟುಕೊಂಡರೂ ಇದೇ ಅಪಾಯ. ಅಡುಗೆ ಅನಿಲದ್ದು ಬೇರೆ ಕಥೆ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಅದು ಹೊರಗೆ ಹೋಗಲು ಕಿಂಡಿ ಕೆಳಗೇ ಬೇಕು. ಆದರೆ ಆ ಕಿಂಡಿಯ ಹತ್ತಿರ ಎಲ್ಲೂ ಹೊಗೆ ಕೊಳವೆ ಇರಬಾರದು.

ಆರ್‌ಸಿ ಏನು ಹೇಳುತ್ತದೆ?

ಲಾರಿ ನಿಮ್ಮದೇ ಆದರೂ ಅದನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಕ್ಕು ನಿಮಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿರುವುದಕ್ಕೆ ವ್ಯತ್ಯಾಸವಾಗುವಂಥ ಬದಲಾವಣೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅಕ್ರಮವಾಗಿ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿಸಿದರು.

ಹಾಗಂತ ದಾರಿಯೇ ಇಲ್ಲವೆಂದಲ್ಲ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ನಮ್ಮ ನಿಯಮಗಳಲ್ಲಿ ಒಂದು ವರ್ಗವಾಗಿಯೇ ಇದೆ, ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಅದರಂತೆ ಪರೀಕ್ಷೆಯಾಗಿ ಒಪ್ಪಿಗೆ ಸಿಕ್ಕ ವಾಹನ ನೋಂದಣಿಯಾಗುತ್ತದೆ. ಊರಿನ ಶೆಡ್ಡಿನಲ್ಲಿ ಕಟ್ಟಿಸಿದ್ದು ಆ ಪರೀಕ್ಷೆಗೆ ಹೋಗಿರುವುದಿಲ್ಲ. ಪೊಲೀಸರು ಹಿಡಿಯದೇ ಇರಬಹುದು. ಅಪಘಾತವಾದ ದಿನ ಮಾತ್ರ ಎದುರಿಗಿದ್ದವರ ಪರಿಹಾರದ ಪ್ರಶ್ನೆ ಬರುತ್ತದೆ. “ನಾವು ವಿಮೆ ಕೊಟ್ಟಿದ್ದು ಸಾಮಾನು ಸಾಗಿಸುವ ಲಾರಿಗೆ” ಎಂದು ವಿಮೆ ಕಂಪನಿ ತಕರಾರು ತೆಗೆದರೆ ಆ ಹೊರೆ ನಿಮ್ಮ ಹೊಲ, ಮನೆಯ ಮೇಲೆ ಬೀಳಬಹುದು. ತೂಕ 7,500 ಕೆಜಿ ದಾಟಿದ ವಾಹನಕ್ಕೆ ಕಾರಿನ ಲೈಸೆನ್ಸ್ ನಡೆಯುವುದಿಲ್ಲ ಅನ್ನುವುದೂ ನೆನಪಿರಲಿ. ದೊಡ್ಡಪ್ಪನ ಹತ್ತಿರ ಹೆವಿ ಲೈಸೆನ್ಸ್ ಇದೆ. ಅಣ್ಣನ ಹತ್ತಿರ ಇಲ್ಲ, ಅವನೇ ಆ ವಿಡಿಯೊ ನೋಡಿ ಜಾಸ್ತಿ ಕುಣಿದವನು.

ಓಡುವಾಗ ಹಿಂದಿನ ಪೆಟ್ಟಿಗೆಯಲ್ಲಿ ಮಕ್ಕಳು ಮಂಚದ ಮೇಲೆ ಆಡುವ ದೃಶ್ಯವೂ ಆ ವಿಡಿಯೊದಲ್ಲಿತ್ತು. ಬ್ರೇಕ್ ಹಾಕಿದ ಕ್ಷಣದಲ್ಲಿ ಮಗುವೂ ಒಂದೇ, ಕಟ್ಟದೆ ಇಟ್ಟ ಸಿಲಿಂಡರೂ ಒಂದೇ. ಬೆಲ್ಟ್ ಇರುವ ಸೀಟು ಎಷ್ಟಿದೆಯೋ ಅಷ್ಟೇ ಜನ ಪ್ರಯಾಣ ಮಾಡಬೇಕು.

ನನ್ನನ್ನು ಕೇಳಿದರೆ, ಆಸೆ ಇರುವವರು ಮೊದಲು ನೋಂದಣಿಯಾದ ಸಣ್ಣ ಕ್ಯಾರವಾನ್ ಒಂದನ್ನು ಎರಡು ದಿನ ಬಾಡಿಗೆಗೆ ಪಡೆದು ಸುತ್ತಿ ಬರಲಿ. ಕಟ್ಟಿದ ಲಾರಿಯನ್ನೇ ಯಾರಾದರೂ ಮಾರಲು ಬಂದರೆ ಆರ್‌ಸಿಯಲ್ಲಿ ಬಾಡಿ ಯಾವುದೆಂದು ಬರೆದಿದೆ ಓದಿ, ಒಪ್ಪಿಗೆಯ ಸರ್ಟಿಫಿಕೇಟ್ ಕೇಳಿ, ಜನರೇಟರ್ ಎಲ್ಲಿದೆ ಎಂದು ಬಗ್ಗಿ ನೋಡಿ. “ಪೇಪರ್ ಎಲ್ಲಾ ಆಮೇಲೆ ಮಾಡಿಸ್ಕೊಡ್ತೀವಿ ಸಾರ್” ಅಂದರೆ ಅಡ್ವಾನ್ಸ್ ಕೊಡಬೇಡಿ.