ಜಾಕ್ ಕೊಳ್ಳುವ ಮುನ್ನ ಗಾಡಿಯ ಕೆಳಗೆ ಬಗ್ಗಿ ನೋಡಿ

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆ ಇಳಿದು ನಂದಿ ಬೆಟ್ಟದ ಕಡೆಗೋ ಘಾಟಿ ಕಡೆಗೋ ಹೊರಟ ಜೀಪುಗಳನ್ನು ಗಮನಿಸಿ. ಎಷ್ಟೋ ಗಾಡಿಗಳ ಹಿಂಬಾಗಿಲಿಗೆ, ಇಲ್ಲವೇ ಮೇಲಿನ ಕ್ಯಾರಿಯರ್‌ಗೆ ನಾಲ್ಕಡಿ ಉದ್ದದ ಹೈ-ಲಿಫ್ಟ್ ಜಾಕ್ ಬಿಗಿದಿರುತ್ತದೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಓಡಾಡುವ ಬಹುಪಾಲು ಗಾಡಿಗಳಿಗೆ ಅದು ಬೇಡ. ಎರಡು ಟನ್ನಿನ ಬಾಟಲ್ ಜಾಕ್, ಅದರಡಿಗೆ ಅಗಲದ ಒಂದು ಹಲಗೆ, ಒಂದು ಸಲಿಕೆ ಸಾಕು.

ನಾನು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. 1984ರಲ್ಲಿ ಶುರುವಾದಾಗ ಅದರ ಹೆಸರು ವೀಲ್ ಅಂಡ್ ಆಕ್ಸಲ್ ಪ್ಲಾಂಟ್. ಹಳಬರ ಬಾಯಲ್ಲಿ ಈಗಲೂ ಅದೇ. ಅಲ್ಲಿ ಕಲಿತದ್ದು ಇಷ್ಟು: ಎತ್ತುವುದು ಮಾತ್ರ ಜಾಕಿನ ಕೆಲಸ, ಹೊತ್ತು ನಿಲ್ಲುವುದು ಸ್ಟ್ಯಾಂಡಿನ ಕೆಲಸ. ಬರೀ ಜಾಕಿನ ಮೇಲೆ ನಿಂತ ಭಾರದ ಕೆಳಗೆ ಕೈಯನ್ನೂ ಹಾಕಬಾರದು.

ಹೈ-ಲಿಫ್ಟ್ ಕೆಟ್ಟ ಸಾಧನವೇನಲ್ಲ. ಅಮೆರಿಕದ ಇಂಡಿಯಾನಾದಲ್ಲಿ 1905ರಿಂದ ತಯಾರಾಗುತ್ತಿದೆ, ಎರಡು ಟನ್ನಿಗೂ ಹೆಚ್ಚು ಎತ್ತುತ್ತದೆ. ತೂತುಗಳಿರುವ ಉಕ್ಕಿನ ಕಂಬದ ಮೇಲೆ ಎರಡು ಪಿನ್ನುಗಳು ಒಂದಾದ ಮೇಲೊಂದು ಹತ್ತುತ್ತವೆ, ಅಷ್ಟೇ ಅದರ ಮರ್ಮ. ಅಪಾಯವಿರುವುದು ಇಳಿಸುವಾಗ. ಆಗ ಗಾಡಿಯ ಭಾರವೆಲ್ಲ ಹಿಡಿಯನ್ನು ಮೇಲಕ್ಕೆ ದಬ್ಬುತ್ತಿರುತ್ತದೆ. ಕೈ ಜಾರಿದರೆ ಉಕ್ಕಿನ ಹಿಡಿ ನೇರ ದವಡೆಗೆ ಬಂದು ಬಡಿಯುತ್ತದೆ. ಕೆಸರು ಮೆತ್ತಿಕೊಂಡರೆ ಪಿನ್ನು ಕಚ್ಚಿಕೊಂಡು ಮೇಲೂ ಇಲ್ಲ ಕೆಳಗೂ ಇಲ್ಲ.

ಇನ್ನೂ ದೊಡ್ಡ ತೊಡಕೆಂದರೆ, ಅದಕ್ಕೆ ಹಿಡಿಯಲು ಗಟ್ಟಿ ಉಕ್ಕಿನ ಅಂಚು ಬೇಕು. ಕಳೆದ ಮಳೆಗಾಲದಲ್ಲಿ ದೊಡ್ಡಬಳ್ಳಾಪುರದಾಚೆ ಒಂದು ಕೆರೆಯಂಗಳದ ಅಂಚಿನಲ್ಲಿ ಹೊಸ ಥಾರ್ ಒಂದರ ಹಿಂಗಾಲಿ ಹೂತುಕೊಂಡಿತ್ತು. ಹುಡುಗರು ಹೈ-ಲಿಫ್ಟ್ ಬಿಚ್ಚಿ ಗಾಡಿಯ ಸುತ್ತ ಎರಡು ಸುತ್ತು ಬಂದರು. ಹಿಂದೆ ನೋಡಿದರೆ ಪ್ಲಾಸ್ಟಿಕ್ ಬಂಪರ್, ಮುಂದೆಯೂ ಪ್ಲಾಸ್ಟಿಕ್ಕೇ. ಪಕ್ಕದ ಮೆಟ್ಟಿಲಿಗೆ ಕೊಟ್ಟು ಎರಡು ಬಾರಿ ಒತ್ತುವಷ್ಟರಲ್ಲಿ ತಗಡು ಬಾಗಿತು. "ಅಂಕಲ್, ಇದನ್ನ ಎಲ್ಲಿ ಕೊಡೋದು?" ಅಂತ ಒಬ್ಬ ಕೇಳಿದ. ಅಂಗಡಿಯಲ್ಲಿ ದುಡ್ಡು ಎಣಿಸುವ ಮೊದಲೇ ಕೇಳಬೇಕಿದ್ದ ಪ್ರಶ್ನೆ ಅದು.

ಉಕ್ಕಿನ ಬಂಪರ್ ಹಾಕಿಸಿಕೊಂಡರಾಯಿತು ಅನ್ನುವವರಿದ್ದಾರೆ. ಹೊರಗೆ ಕೂರಿಸುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ನಡೆದು ಹೋಗುವವರಿಗೆ ಅಂಥ ಬಂಪರ್ ತಗುಲಿದರೆ ಗತಿಯೇನು? ಒಂದು ಜಾಕಿಗೋಸ್ಕರ ಅದನ್ನು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಚಾಸಿಗೇ ಬಿಗಿದ ಗಟ್ಟಿ ಸ್ಲೈಡರ್ ಇರುವವರು, ಗಾಲಿಗೆ ಕೊಕ್ಕೆ ಹಾಕಿ ಎತ್ತಲು ಕಲಿತವರು ಹೈ-ಲಿಫ್ಟ್ ಇಟ್ಟುಕೊಳ್ಳಲಿ, ತಕರಾರಿಲ್ಲ.

ಬಾಟಲ್ ಜಾಕ್ ಯಾಕೆ ಮೇಲು? ಚಾಸಿ ಹಿಡಿದು ಎತ್ತಿದರೆ ಗಾಡಿ ಏಳುತ್ತದೆ, ಗಾಲಿ ಮಾತ್ರ ಸ್ಪ್ರಿಂಗಿನ ಜೊತೆ ಕೆಳಗೇ ಜೋತಾಡುತ್ತದೆ. ಗಾಲಿ ನೆಲ ಬಿಡುವಷ್ಟರಲ್ಲಿ ಗಾಡಿ ಓಲಾಡುವಷ್ಟು ಎತ್ತರಕ್ಕೆ ಹೋಗಿರುತ್ತದೆ. ಆಕ್ಸಲ್ಲಿನ ಕೊಳವೆಗೇ, ಗಾಲಿಯ ಹತ್ತಿರ ಜಾಕ್ ಕೊಟ್ಟರೆ ಗಾಲಿ ನೇರ ಮೇಲೆ ಬರುತ್ತದೆ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಅಂಥ ಗಟ್ಟಿ ಆಕ್ಸಲ್ ಇದೆ; ಥಾರ್‌ಗೆ ಹಿಂದೆ ಮಾತ್ರ, ಮುಂದಕ್ಕೆ ಕಂಪನಿಯ ಪುಸ್ತಕದಲ್ಲಿ ತೋರಿಸಿದ ಜಾಗವನ್ನೇ ನೋಡಿಕೊಳ್ಳಬೇಕು. ಐದು ಟನ್ನು, ಹತ್ತು ಟನ್ನು ಅಂತ ಕೊಳ್ಳುವ ಅಗತ್ಯವೂ ಇಲ್ಲ, ನಾವು ಎತ್ತುವುದು ಒಂದು ಮೂಲೆಯನ್ನು ಮಾತ್ರ. ಅಳೆಯಬೇಕಾದದ್ದು ಜಾಕಿನ ಮುಚ್ಚಿದ ಎತ್ತರ. ಟೈರಿನ ಗಾಳಿಯೆಲ್ಲ ಹೋದಾಗಲೂ ಅದು ಆಕ್ಸಲ್ಲಿನ ಕೆಳಗೆ ಹಿಡಿಸಬೇಕು.

ಹಲಗೆಯನ್ನಂತೂ ಮರೆಯಲೇಬೇಡಿ. ಒಂದು ಮೂಲೆಯ ಭಾರ 400 ಕಿಲೋ, ಜಾಕಿನ ಬುಡ ಹತ್ತು ಸೆಂಟಿಮೀಟರ್ ಚೌಕ ಅಂತಿಟ್ಟುಕೊಳ್ಳಿ. ಚದರ ಸೆಂಟಿಮೀಟರಿಗೆ ನಾಲ್ಕು ಕಿಲೋ ಬಿತ್ತು. 30 ಪಿಎಸ್‌ಐ ಗಾಳಿಯ ಟೈರು ನೆಲವನ್ನು ಒತ್ತುವುದು ಅದರ ಅರ್ಧದಷ್ಟು. ಟೈರೇ ಹೂತ ಹೂಳಿನಲ್ಲಿ ಬರಿಯ ಜಾಕ್ ನಿಲ್ಲುವುದುಂಟೇ? 30 ಸೆಂಟಿಮೀಟರ್ ಚೌಕದ ದಪ್ಪ ಹಲಗೆ ಕೊಟ್ಟರೆ ಅದೇ ಒತ್ತಡ ಅರ್ಧ ಕಿಲೋಗಿಂತ ಕೆಳಗಿಳಿಯುತ್ತದೆ. ಯಶವಂತಪುರದ ಯಾರ್ಡಿಗೆ ಬರುವ ಲಾರಿ ಚಾಲಕರು ಸೀಟಿನ ಹಿಂದೆ ಮರದ ತುಂಡು ಇಟ್ಟುಕೊಳ್ಳುವುದು ಇದಕ್ಕೇ.

ಆ ದಿನ ನಾವು ಮಾಡಿದ್ದೂ ಅದನ್ನೇ. ಎದುರು ಮೂಲೆಯ ಗಾಲಿಗೆ ಕಲ್ಲು ಕೊಟ್ಟು, ಸಲಿಕೆಯಿಂದ ಕೆಸರು ಬಗೆದು, ಹಲಗೆ ಮೇಲೆ ನನ್ನ ಜಾಕ್ ಇಟ್ಟು ಹಿಂಗಾಲಿ ಎತ್ತಿದೆವು. ಗುಂಡಿಗೆ ಕಲ್ಲು ತುಂಬಿ ಇಳಿಸಿ, ಟೈರಿನ ಗಾಳಿ 18ಕ್ಕೆ ತಗ್ಗಿಸಿದ ಮೇಲೆ ಗಾಡಿ ಸಲೀಸಾಗಿ ಹೊರಬಂತು. ಗಾಳಿ ತಗ್ಗಿಸುವುದನ್ನು ಮೊದಲೇ ಮಾಡಿದ್ದರೆ ಜಾಕ್ ಬೇಕಾಗುತ್ತಲೇ ಇರಲಿಲ್ಲವೇನೋ.

ಸೈಲೆನ್ಸರ್ ಹೊಗೆಯಿಂದ ಉಬ್ಬುವ ಚೀಲದ ಜಾಕ್ ಮರಳಿಗೆ ಚೆನ್ನ. ನಮ್ಮ ಕೆರೆಯಂಗಳಗಳ ತುಂಬ ಜಾಲಿ ಮುಳ್ಳು, ನಾನು ಕೊಳ್ಳಲಾರೆ.

ಮಾರುವವರಿಗೂ ಜವಾಬ್ದಾರಿಯಿದೆ. ಗಿರಾಕಿಯ ಗಾಡಿಯಲ್ಲಿ ಜಾಕ್ ಹಿಡಿಯುವ ಜಾಗ ತೋರಿಸದೆ ಹೈ-ಲಿಫ್ಟ್ ಮಾರಬಾರದು. ಷೋರೂಮಿನವರೂ ಅಷ್ಟೇ: ಹೊಸ ಗಾಡಿ ಕೊಡುವ ದಿನ ಹಾರ ಹಾಕಿ, ಕಾಯಿ ಒಡೆಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ, ಫೋಟೊ ತೆಗೆಸುವಷ್ಟು ಪುರುಸೊತ್ತು ಇರುತ್ತದೆ. ಅದೇ ಅಂಗಳದಲ್ಲಿ ಮಾಲೀಕರ ಕೈಯಿಂದಲೇ ಒಂದು ಗಾಲಿ ಎತ್ತಿಸಿ ಇಳಿಸಿ ಕಲಿಸಲಿ. ಹತ್ತು ನಿಮಿಷದ ಕೆಲಸ.