ಥಾಯ್ಲೆಂಡಿಗೆ ಹೊರಟ ಬಬಲೇಶ್ವರದ ಮಕ್ಕಳಿಗೆ
ಥಾಯ್ಲೆಂಡಿನ ಹಳ್ಳಿಶಾಲೆಯಲ್ಲಿ ಸ್ವಯಂಸೇವಕರಾಗಿ ಕಲಿಸಲು ಹೊರಡುವ ಬಬಲೇಶ್ವರ, ತಿಕೋಟಾ ಕಡೆಯ ಹುಡುಗ ಹುಡುಗಿಯರಿಗೆ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ. ಚಪ್ಪಲಿ ಹೊರಗೆ ಬಿಡುವುದು, ಹಿರಿಯರಿಗೆ ಕೈಮುಗಿಯುವುದು, ಯಾರ ಕಡೆಗೂ ಕಾಲು ಚಾಚದೆ ಕೂರುವುದು ನಮಗೇನು ಹೊಸದೇ? ತೊಡಕೆಲ್ಲ ಉಳಿದರ್ಧದಲ್ಲಿ. ನಮ್ಮಲ್ಲಿ ಮಗುವಿನ ತಲೆ ಸವರಿದರೆ ಆಶೀರ್ವಾದ. ಅಲ್ಲಿ ತಲೆ ಮುಟ್ಟುವುದೇ ಅಸಭ್ಯ. ಅದಕ್ಕಿಂತ ದೊಡ್ಡ ಕಷ್ಟ ನಮ್ಮ ದನಿ. ವಿಜಯಪುರದ ಸಂತೆಯಲ್ಲಿ ಪ್ರೀತಿಯ ಮಾತೂ ಜಗಳದ ಹಾಗೆ ಕೇಳುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಥಾಯ್ ಜನರ ನಡುವೆ ದನಿ ಏರಿಸಿದವನೇ ಮರ್ಯಾದೆ ಕಳೆದುಕೊಂಡವನು. ಒಪ್ಪಿಗೆ ಇಲ್ಲದಿದ್ದರೂ ಅವರು ನಗುತ್ತಾರೆ. ಆ ನಗುವನ್ನು ‘ಹೂಂ’ ಎಂದು ತಿಳಿದರೆ ಕೆಲಸ ಕೆಟ್ಟಿತು. ಇನ್ನು ಊಟ. ಬುದ್ಧನನ್ನು ನಂಬುವ ನಾಡು, ಸಸ್ಯಾಹಾರಕ್ಕೇನು ಕೊರತೆ ಎಂದುಕೊಂಡು ಹೋದ ಲಿಂಗಾಯತರ ಮನೆಯ ಮಕ್ಕಳು ಕಂಗಾಲಾಗುತ್ತಾರೆ: ಭಿಕ್ಷುಗಳೇ ಭಿಕ್ಷೆಯಲ್ಲಿ ಬಂದ ಮಾಂಸ ಉಣ್ಣುತ್ತಾರೆ, ಕಾಯಿಪಲ್ಯಕ್ಕೂ ಮೀನಿನ ರಸ ಬೀಳುತ್ತದೆ. ‘ಜೇ’ ಎಂದು ಕೇಳಿದರೆ ಮಾಂಸ, ಮೀನು ಇಲ್ಲದ ಊಟ ಸಿಗುತ್ತದೆ, ಆದರೆ ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇರುವುದಿಲ್ಲ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಕೊಂಡೇ ಹೋಗಿ. ಇದನ್ನೆಲ್ಲ ಮೊದಲೇ ಕಲಿತುಕೊಳ್ಳುವುದು ಮೇಲು: 1962ರಿಂದ ಅಲ್ಲಿಗೆ ಸ್ವಯಂಸೇವಕರನ್ನು ಕಳಿಸುತ್ತಿರುವ ಅಮೆರಿಕದ ಪೀಸ್ ಕೋರ್, ಕೆಲಸಕ್ಕೆ ಹಚ್ಚುವ ಮೊದಲು ಭಾಷೆ ಕಲಿಸಿ, ಸ್ಥಳೀಯರ ಮನೆಯಲ್ಲಿ ಇರಿಸುತ್ತದೆ. ಅದು ಜಾಣ ಪದ್ಧತಿ. ಇನ್ನೊಂದು ಮಾತು: ಪ್ರವಾಸಿ ವೀಸಾದಲ್ಲಿ ಹೋಗಿ ಸಂಬಳವಿಲ್ಲದೆ ಸೇವೆ ಮಾಡಿದರೂ ಅದು ಅಲ್ಲಿ ಕಾನೂನುಬಾಹಿರ. ಸರಿಯಾದ ವೀಸಾ ಕೈಗೆ ಬರದೆ, ಕೆಲಸದ ಪರವಾನಗಿ ಯಾರು ಮಾಡಿಸಿಕೊಡುತ್ತಾರೆಂದು ಬರವಣಿಗೆಯಲ್ಲಿ ಪಡೆಯದೆ ವಿಮಾನದ ಟಿಕೆಟ್ ತೆಗೆಸಬೇಡಿ.