ಅಂಗಡಿ ಕೈ ಬದಲಾದಾಗ

ಎಂ.ಎಸ್ಸಿ. ಓದಲು ಬ್ರಿಟನ್ನಿಗೆ ಹೋದ ಹುಡುಗನೊಬ್ಬ ಬಿಡುವಿನ ವೇಳೆಯಲ್ಲಿ ದಿನಸಿ ಅಂಗಡಿಯಲ್ಲಿ ದುಡಿಯುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಒಂದು ದಿನ ಅಂಗಡಿ ಬೇರೊಬ್ಬರ ಕೈಸೇರುತ್ತದೆ. 'ಈ ದೇಶದಲ್ಲಿ ಕೆಲಸ ಮಾಡುವ ಹಕ್ಕು ನಿನಗಿದೆಯೇ? ತೋರಿಸು' ಎಂದು ಹೊಸ ಮಾಲೀಕರು ಕೇಳುತ್ತಾರೆ. ಸಾಲ ಮಾಡಿ ಮಗನನ್ನು ಕಳಿಸಿದ ತಂದೆತಾಯಿಯರಿಗೆ ಈ ಸುದ್ದಿ ಮುಟ್ಟಿದರೆ ಎದೆ ಧಸಕ್ಕೆನ್ನುವುದು ಸಹಜ.

ಆದರೆ ಇದು ಕೆಲಸದಿಂದ ತೆಗೆಯುವ ಸೂಚನೆಯಲ್ಲ. ಅಲ್ಲಿನ 2006ರ ಉದ್ಯಮ ವರ್ಗಾವಣೆ ನಿಯಮಗಳಂತೆ, ವ್ಯವಹಾರ ಕೈ ಬದಲಾದರೆ ನೌಕರರೂ ಹಳೆಯ ಸಂಬಳ, ಷರತ್ತುಗಳೊಂದಿಗೇ ಹೊಸ ಮಾಲೀಕರ ಕಡೆಗೆ ಬರುತ್ತಾರೆ.

ಹಾಗಾದರೆ ತಪಾಸಣೆ ಏಕೆ? ಶಾಲೆಯ ಪ್ರಯೋಗಾಲಯದ ಹೊಣೆ ವಹಿಸಿಕೊಳ್ಳುವ ಹೊಸ ಮೇಷ್ಟ್ರು ದಾಸ್ತಾನು ಪುಸ್ತಕ ಹಿಡಿದು ಗಾಜಿನ ಸಾಮಾನುಗಳನ್ನು ಎಣಿಸಿಕೊಳ್ಳುತ್ತಾರಲ್ಲವೇ? ಇದೂ ಹಾಗೆಯೇ. ಹಳೆಯ ಮಾಲೀಕರು ಕ್ರಮಬದ್ಧವಾಗಿ ಪರಿಶೀಲಿಸಿದ್ದರೆ ಅದರ ರಕ್ಷಣೆ ಹೊಸಬರಿಗೂ ಸಿಗುತ್ತದೆ. ಅದರಲ್ಲಿ ಲೋಪವಿದ್ದು, ಹಕ್ಕಿಲ್ಲದವರು ಕೆಲಸದಲ್ಲಿದ್ದರೆ ದಂಡ ಹೊಸಬರ ತಲೆಗೆ ಬರುತ್ತದೆ. 2024ರ ಫೆಬ್ರುವರಿಯಲ್ಲಿ ಈ ದಂಡವನ್ನು ಒಬ್ಬ ನೌಕರನಿಗೆ 45,000 ಪೌಂಡ್‌ವರೆಗೆ, ತಪ್ಪು ಮರುಕಳಿಸಿದರೆ 60,000 ಪೌಂಡ್‌ವರೆಗೆ ಏರಿಸಲಾಯಿತು. ಹಾಗಾಗಿ ವರ್ಗಾವಣೆಯಾದ ದಿನದಿಂದ 60 ದಿನಗಳೊಳಗೆ ಹೊಸದಾಗಿ ಪರಿಶೀಲಿಸಿಕೊಳ್ಳಲು ಮಾಲೀಕರಿಗೆ ಕಾಲಾವಕಾಶವಿದೆ. ಆದರೆ ಮೈಬಣ್ಣವನ್ನೋ ಹೆಸರನ್ನೋ ನೋಡಿ ಕೆಲವರನ್ನಷ್ಟೇ ತಪಾಸಣೆ ಮಾಡುವುದು ತಾರತಮ್ಯವಾಗುತ್ತದೆ.

ವಿದ್ಯಾರ್ಥಿಯ ಕೆಲಸ ಸುಲಭ. ವೀಸಾ ಈಗ ಇ-ವೀಸಾ ರೂಪದಲ್ಲಿದೆ. ಸರ್ಕಾರಿ ಜಾಲತಾಣದ ತನ್ನ ಖಾತೆಯಿಂದ 9 ಅಕ್ಷರ-ಅಂಕಿಗಳ 'ಶೇರ್ ಕೋಡ್' ಪಡೆದು, ಜನ್ಮದಿನಾಂಕದೊಡನೆ ಮಾಲೀಕರಿಗೆ ಕೊಡಬೇಕು. ಅದು 90 ದಿನ ಚಾಲ್ತಿಯಲ್ಲಿರುತ್ತದೆ. ಮಾಲೀಕರು ತಾವೇ ಜಾಲತಾಣದಲ್ಲಿ ನೋಡಿ, ಅಲ್ಲಿನ ಭಾವಚಿತ್ರವನ್ನು ಮುಖದೊಡನೆ ಹೋಲಿಸಬೇಕು. ಮೊಬೈಲಿನಲ್ಲಿ ತೋರಿಸಿದ ಚಿತ್ರ ಸಾಲದು. ಪಾಸ್‌ಪೋರ್ಟ್ ಬದಲಾಗಿದ್ದರೆ ಹೊಸದರ ವಿವರವನ್ನು ಖಾತೆಗೆ ಸೇರಿಸಿರಬೇಕು. ವಿಶ್ವವಿದ್ಯಾಲಯದ ಪಾಠ ಮತ್ತು ರಜೆಯ ದಿನಾಂಕಗಳ ದಾಖಲೆಯನ್ನೂ ಒದಗಿಸಬೇಕಾಗುತ್ತದೆ.

ಅಪಾಯವಿರುವುದು ಬೇರೆ ಕಡೆ. ಪದವಿ ಮಟ್ಟದ ವಿದ್ಯಾರ್ಥಿಗೆ ಪಾಠದ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಲು ಅನುಮತಿಯಿದೆ. ಸ್ನಾತಕೋತ್ತರ ವಿದ್ಯಾರ್ಥಿ ಪ್ರಬಂಧ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ಪಾಠದ ಅವಧಿಯೇ. ಹೊಸ ಮಾಲೀಕರನ್ನು ಮೆಚ್ಚಿಸಲು ಇನ್ನೆರಡು ಗಂಟೆ ನಿಂತರೆ ವೀಸಾಕ್ಕೇ ಸಂಚಕಾರ.

ಆದ್ದರಿಂದ ಪಾಲಕರು ಫೋನಿನಲ್ಲಿ 'ಈ ವಾರ ಎಷ್ಟು ಸಂಪಾದಿಸಿದೆ?' ಎನ್ನುವ ಬದಲು 'ಎಷ್ಟು ಗಂಟೆ ದುಡಿದೆ?' ಎಂದು ಕೇಳುವುದು ಒಳ್ಳೆಯದು.